ನಾಲ್ಕು ಭಾಗವತರು, ಒಂದು ಸಾರೋಟು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇವತ್ತು ಮಾತಾಡುವ ಸಿನಿಮಾ ಅಷ್ಟೇನೂ ಒಳ್ಳೆಯದಲ್ಲ. ನೋಡದೆ ಇದ್ದವರು ಏನೂ ಕಳೆದುಕೊಂಡಿಲ್ಲ. 'ಸ್ಟೇಜ್‌ಕೋಚ್' ಅಂದ ಕೂಡಲೇ ಸಿನಿಮಾ ಗೊತ್ತಿರುವವರು 1939ರ ಜಾನ್ ಫೋರ್ಡ್ ಚಿತ್ರದ ಬಗ್ಗೆ ಶುರು ಮಾಡುತ್ತಾರೆ. ಇನ್ನೂ ಸ್ವಲ್ಪ ಜಾಸ್ತಿ ಗೊತ್ತಿರುವವರು 1966ರಲ್ಲಿ ಅದನ್ನು ಮತ್ತೆ ತೆಗೆದರು ಅನ್ನುತ್ತಾರೆ. 1986ರಲ್ಲಿ ಟಿವಿಗೋಸ್ಕರ ಮೂರನೇ ಸಲ ತೆಗೆದರು ಅಂತ ಹೇಳುವವನು ಈ ಊರಲ್ಲಿ ಬಹುಶಃ ನಾನೊಬ್ಬನೇ. ನಮ್ಮ ಚಿತ್ರಸಮಾಜದ ಹುಡುಗರು ಮೂರು ತಿಂಗಳಿಂದ "ಸಾರ್, ನಿಮಗೆ ಇಷ್ಟವಾದ ಒಂದು ಸಿನಿಮಾ ಬಗ್ಗೆ ಮಾತಾಡಿ" ಅಂತ ಬೆನ್ನು ಹತ್ತಿದ್ದರು. ಒಳ್ಳೆಯ ಸಿನಿಮಾ ಅಂತ ಹೇಳಲಿಲ್ಲ, ಇಷ್ಟವಾದದ್ದು ಅಂದರು. ಹಾಗಾಗಿ ತಪ್ಪು ಅವರದ್ದು.

1985ರ ಆಗಸ್ಟಿನಲ್ಲಿ ನಾನು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ಗೆ ಓದಲು ಹೋದೆ. ಹೋಗುವ ತನಕ ಆ ಹೆಸರನ್ನು 'ಟಕ್ಸನ್' ಅನ್ನುತ್ತಿದ್ದೆ. ಓದಿದ್ದು ಜಲವಿಜ್ಞಾನ. ನಗಬೇಡಿ. ನಾನು ಆಗುಂಬೆ ಘಟ್ಟ ಇಳಿದರೆ ಸಿಗುವ ಹೆಬ್ರಿ ಕಡೆಯವನು. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಘಟ್ಟದ ಬುಡದಿಂದ ಹೊರಟು, 300 ಮಿಲಿಮೀಟರ್ ಬಿದ್ದರೆ ಸಂಭ್ರಮಪಡುವ ಊರಿಗೆ ನೀರಿನ ಪಾಠ ಕೇಳಲು ಹೋದೆ. ಅಲ್ಲೂ ಜುಲೈಯಲ್ಲಿ ಗುಡುಗಿ ಸುರಿಯುವುದಕ್ಕೆ 'ಮಾನ್ಸೂನ್' ಅನ್ನುತ್ತಾರೆ. ಅದು ಮಳೆಗಾಲ ಅಂದರೆ ನಮ್ಮ ಮನೆಯ ಸೂರಿನ ನೀರಿಗೆ ಏನನ್ನಬೇಕೋ.

ಅಲ್ಲಿ ಒಬ್ಬ ಅಜ್ಜಿಯ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಮೂವರು ಇದ್ದೆವು. ನಾನು, ಗುಂಟೂರಿನವನೊಬ್ಬ, ಕರಾಚಿಯವನೊಬ್ಬ. ಅಜ್ಜಿಯ ಗಂಡ ರೈಲ್ವೆಯಲ್ಲಿದ್ದವರು, ತೀರಿಕೊಂಡಿದ್ದರು. ಎದುರಿಗೆ ಗೌರವದಿಂದ 'ಮಿಸೆಸ್' ಸೇರಿಸಿ ಕರೆಯುತ್ತಿದ್ದೆವು. ನಮ್ಮೊಳಗೆ ಮಾತ್ರ 'ಅಜ್ಜಿ'. ಕರಾಚಿಯವನೂ ಆ ಕನ್ನಡ ಶಬ್ದ ಕಲಿತಿದ್ದ.

1986ರ ಮೇ 18, ಭಾನುವಾರ. ಪರೀಕ್ಷೆ ಮುಗಿದಿತ್ತು. ಸಂಜೆ ಅಜ್ಜಿ ಹಿಂಬಾಗಿಲಿಗೆ ಬಂದು, "ಇವತ್ತು ರಾತ್ರಿ ಟಿವಿಯಲ್ಲಿ ಜಾನಿ ಕ್ಯಾಶ್ ಬರುತ್ತಾನೆ, ಎಲ್ಲರೂ ಬನ್ನಿ" ಅಂದರು. ನಾನು ಬಾಯಿ ತಪ್ಪಿ "ಅವನು ಯಾರು?" ಅಂದೆ. ರಾಜ್‌ಕುಮಾರ್ ಯಾರು ಅಂತ ಕೇಳಿದವನನ್ನು ನೀವು ಹೇಗೆ ನೋಡುತ್ತೀರೋ, ಹಾಗೆ ನೋಡಿದರು.

ಹಾಲಿನಲ್ಲಿ ಮರದ ಪೆಟ್ಟಿಗೆಯೊಳಗೆ ಕೂರಿಸಿದ ಹಳೇ ಟಿವಿ. ಮೇಲೆ ಎರಡು ಕೋಲಿನ ಆಂಟೆನಾ. ಒಂದು ಕೋಲಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿತ್ತು. ಆ ಕೋಲನ್ನು ಕಿಟಕಿ ಕಡೆಗೆ ಬಗ್ಗಿಸಿದರೆ ಚಿತ್ರ ಸರಿ, ಬಾಗಿಲ ಕಡೆಗೆ ಬಗ್ಗಿಸಿದರೆ ಮಾತು ಸರಿ. ಅಜ್ಜಿ ಅವತ್ತು ಮಾತು ಸರಿಯಿರಲಿ ಅಂದರು. ಅದು ಯಾಕೆ ಅಂತ ಆಮೇಲೆ ಗೊತ್ತಾಯಿತು.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಸ್ಟೇಜ್‌ಕೋಚ್ ಅಂದರೆ ನಾಲ್ಕೋ ಆರೋ ಕುದುರೆ ಕಟ್ಟಿದ ಗಾಡಿ. ಸಾರೋಟು ಅನ್ನಬಹುದು. ಆದರೆ ದಸರಾ ಸಾರೋಟಲ್ಲ, ಆ ಕಾಲದ ಲೈನ್ ಬಸ್ಸು. ಹದಿನೈದಿಪ್ಪತ್ತು ಮೈಲಿಗೊಂದು ಠಾಣೆ. ಅಲ್ಲಿ ಕುದುರೆ ಬದಲಾಯಿಸುತ್ತಾರೆ, ಪ್ರಯಾಣಿಕರು ಸಿಕ್ಕಿದ್ದು ತಿನ್ನುತ್ತಾರೆ, ಮತ್ತೆ ಹೊರಡುತ್ತಾರೆ. ಗಾಡಿಯ ಪೆಟ್ಟಿಗೆ ಕೂತಿರುವುದು ಕಬ್ಬಿಣದ ಸ್ಪ್ರಿಂಗ್ ಮೇಲಲ್ಲ, ದಪ್ಪ ಚರ್ಮದ ಪಟ್ಟಿಗಳ ಮೇಲೆ. ಹಾಗಾಗಿ ಕುಕ್ಕುವುದಕ್ಕಿಂತ ತೂಗುವುದು ಜಾಸ್ತಿ. 1858ರಲ್ಲಿ ಬಟರ್‌ಫೀಲ್ಡ್ ಕಂಪನಿಯ ಗಾಡಿಗಳು ಟೂಸಾನ್ ಮೇಲೇ ಹಾದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದವು. ಸುಮಾರು 2,800 ಮೈಲಿ, 25 ದಿನ. ಹಗಲೂ ರಾತ್ರಿ. ಇಲ್ಲಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಕೊನೇ ಸೀಟಿನಲ್ಲಿ ಹೋದವರಿಗೆ 25 ದಿನ ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ.

ಅಂಥ ಒಂದು ಗಾಡಿ ಟೋಂಟೋ ಅನ್ನುವ ಊರಿನಿಂದ ಲಾರ್ಡ್ಸ್‌ಬರ್ಗ್‌ಗೆ ಹೊರಡುತ್ತದೆ. ದಾರಿಯಲ್ಲಿ ಅಪಾಚೆ ನಾಯಕ ಜೆರೋನಿಮೋ ತಿರುಗಿಬಿದ್ದಿದ್ದಾನೆ ಅಂತ ಸುದ್ದಿ. ಒಳಗೆ ಯಾರು ಯಾರು? ಊರಿನ ಮರ್ಯಾದಸ್ಥ ಹೆಂಗಸರು ಸೇರಿ ಓಡಿಸಿದ ವೇಶ್ಯೆ ಡಲ್ಲಾಸ್. ಒಬ್ಬ ಕುಡುಕ ಡಾಕ್ಟರು. ಸೈನ್ಯದಲ್ಲಿರುವ ಗಂಡನನ್ನು ನೋಡಲು ಹೊರಟ ಬಸುರಿ ಲೂಸಿ. ಅವಳಿಗೆ ನೆರಳಾಗಿ ಬರುವ ಜೂಜುಕೋರ ಹ್ಯಾಟ್‌ಫೀಲ್ಡ್. ಬ್ಯಾಂಕಿನ ದುಡ್ಡು ಎತ್ತಿಕೊಂಡು ಓಡುತ್ತಿರುವ ಬ್ಯಾಂಕರ್. ಬಾಯಿಲ್ಲದ ವಿಸ್ಕಿ ವ್ಯಾಪಾರಿ ಪೀಕಾಕ್. ಮೇಲೆ ಗಾಡಿ ಹೊಡೆಯುವ ಬಕ್, ಪಕ್ಕದಲ್ಲಿ ಬಂದೂಕು ಹಿಡಿದ ಮಾರ್ಷಲ್ ಕರ್ಲಿ. ದಾರಿ ಮಧ್ಯೆ ಹತ್ತುವವನು ಜೈಲಿನಿಂದ ತಪ್ಪಿಸಿಕೊಂಡ ರಿಂಗೋ. ಒಟ್ಟು ಒಂಬತ್ತು ಜನ. ಎಲ್ಲರಿಗೂ ಒಂದೊಂದು ಗುಟ್ಟು, ಒಂದೊಂದು ಅವಮಾನ.

ಇಲ್ಲಿ 1939ರ ಚಿತ್ರದ ಒಂದು ದೃಶ್ಯ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಮೊದಲನೇ ಠಾಣೆಯಲ್ಲಿ ಊಟಕ್ಕೆ ಕೂರುತ್ತಾರೆ. ಉದ್ದ ಮೇಜು. ರಿಂಗೋಗೆ ಏನೂ ಗೊತ್ತಿಲ್ಲ, ಹೊರಗಿನವನು. ಡಲ್ಲಾಸ್‌ಗೆ ಕುರ್ಚಿ ಎಳೆದು ಕೊಡುತ್ತಾನೆ. ಅವಳು ಕೂತದ್ದು ಲೂಸಿಯ ಎದುರಿಗೆ. ಲೂಸಿ ಒಂದು ಮಾತು ಆಡುವುದಿಲ್ಲ, ಸುಮ್ನೆ ನೋಡುತ್ತಾಳೆ. ಹ್ಯಾಟ್‌ಫೀಲ್ಡ್ ಎದ್ದು ಬಂದು, "ಕಿಟಕಿ ಹತ್ತಿರ ಗಾಳಿ ಚೆನ್ನಾಗಿದೆ" ಅನ್ನುವ ಥರದ ಒಂದು ನೆಪ ತೆಗೆದು ಅವಳನ್ನು ಮೇಜಿನ ಆ ತುದಿಗೆ ಕರೆದುಕೊಂಡು ಹೋಗುತ್ತಾನೆ. ಉಳಿದವರೂ ಜಾಗ ಬದಲಾಯಿಸುತ್ತಾರೆ. ಈ ಕಡೆ ಡಲ್ಲಾಸ್ ಮತ್ತು ರಿಂಗೋ ಇಬ್ಬರೇ. ಪಾಪ, ರಿಂಗೋ ತಾನು ಜೈಲಿನಿಂದ ಬಂದವನು ಅಂತ ಎಲ್ಲರೂ ಎದ್ದರು ಅಂದುಕೊಳ್ಳುತ್ತಾನೆ.

ಅಮೆರಿಕದ ವಿಮರ್ಶಕರು ಈ ದೃಶ್ಯದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಒಂದೇ ಶಬ್ದ ಸಾಕಾಯಿತು: ಪಂಕ್ತಿಭೇದ. ನಮ್ಮ ಕಡೆ ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ ಎಲೆ ಹಾಕುವಾಗ ನಡೆಯುವುದನ್ನು ಯಾರೋ ಅರಿಜೋನಾದ ಧೂಳಿನಲ್ಲಿ ಮೇಜು ಹಾಕಿ ತೋರಿಸಿದ್ದರು. ಆಮೇಲೆ ನೀರಿನ ದೃಶ್ಯ ಬರುತ್ತದೆ. ಹ್ಯಾಟ್‌ಫೀಲ್ಡ್ ತನ್ನ ಬೆಳ್ಳಿ ಲೋಟ ತೆಗೆದು ಲೂಸಿಗೆ ನೀರು ಕೊಡುತ್ತಾನೆ. ರಿಂಗೋ, "ಇನ್ನೊಬ್ಬರು ಹೆಂಗಸು ಇದ್ದಾರಲ್ಲ" ಅಂತ ನೆನಪಿಸಿದಾಗ ಲೋಟ ಜೇಬಿಗೆ ಹೋಗಿರುತ್ತದೆ. ಡಲ್ಲಾಸ್ ನೀರಿನ ಕ್ಯಾನ್ ಎತ್ತಿ ಕುಡಿಯಬೇಕು. ನೀರಿನ ವಿಷಯ ಓದಲು ಹೋದವನಿಗೆ ನೀರಿನ ಲೋಟದಲ್ಲೂ ಮೇಲು ಕೀಳು ಕಂಡಿತು. ಅದರಲ್ಲಿ ಹೊಸದೇನಿತ್ತು? ಬಾವಿಕಟ್ಟೆ ನೋಡಿ ಬೆಳೆದವನು ನಾನು.

ಅದೇ ಚಿತ್ರದಲ್ಲಿ ರಿಂಗೋ ಆದ ಜಾನ್ ವೇಯ್ನ್ ಮೊದಲು ಕಾಣಿಸುವ ಗಳಿಗೆ ಇದೆಯಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಒಂದು ಕೈಯಲ್ಲಿ ಜೀನು, ಇನ್ನೊಂದು ಕೈಯಲ್ಲಿ ರೈಫಲ್ ಗಿರ್ರನೆ ತಿರುಗಿಸುತ್ತಾ ನಿಂತಿದ್ದಾನೆ. ಕ್ಯಾಮೆರಾ ಅವನ ಮುಖಕ್ಕೆ ನುಗ್ಗುತ್ತದೆ. ನುಗ್ಗುವಾಗ ಒಂದು ಕ್ಷಣ ಚಿತ್ರ ಮಸುಕಾಗುತ್ತದೆ. ಫೋರ್ಡ್ ಅದನ್ನು ಹಾಗೇ ಬಿಟ್ಟ. ಅಲ್ಲಿ ತನಕ ಹತ್ತು ವರ್ಷ ಸಣ್ಣ ಪುಟ್ಟ ಕುದುರೆ ಸಿನಿಮಾ ಮಾಡಿಕೊಂಡಿದ್ದ ವೇಯ್ನ್ ಆ ಮಸುಕಿನಿಂದ ಹೊರಗೆ ಬರುವಾಗ ದೊಡ್ಡ ನಟ ಆಗಿದ್ದ. ಕುಡುಕ ಡಾಕ್ಟರ್ ಪಾತ್ರದ ಥಾಮಸ್ ಮಿಚೆಲ್‌ಗೆ ಆಸ್ಕರ್ ಬಂತು. ಯಾಕಿಮಾ ಕನಟ್ ಅನ್ನುವ ಸಾಹಸಿ ಓಡುವ ಕುದುರೆಗಳ ನಡುವೆ ಬಿದ್ದು, ಅವುಗಳ ಕಾಲ ಸಂದಿಯಲ್ಲಿ ನೆಲಕ್ಕೆ ಉಜ್ಜಿಕೊಂಡು ಹೋಗಿ, ಇಡೀ ಗಾಡಿ ತನ್ನ ಮೇಲೆ ಹಾದುಹೋಗಲು ಬಿಡುತ್ತಾನೆ. ಕಂಪ್ಯೂಟರ್ ಇಲ್ಲ, ಏನಿಲ್ಲ. ಈಗ ನೋಡಿದರೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಇಷ್ಟೆಲ್ಲ ಇರುವಾಗ ಮತ್ತೆ ಯಾಕೆ ತೆಗೆಯಬೇಕು? ನ್ಯಾಯವಾದ ಪ್ರಶ್ನೆ. ನಾನು ಇದಕ್ಕೆ ಕರಾವಳಿಯ ಉತ್ತರ ಕೊಡುತ್ತೇನೆ. ಯಕ್ಷಗಾನದ 'ಗದಾಯುದ್ಧ' ಪ್ರಸಂಗಕ್ಕೆ ಹೋದವರು ಯಾರಾದರೂ ಕೌರವ ಸಾಯುತ್ತಾನಾ ಬದುಕುತ್ತಾನಾ ಅಂತ ನೋಡಲು ಹೋಗುತ್ತಾರಾ? ಇವತ್ತು ಕೌರವ ಯಾರದ್ದು, ಭೀಮ ಯಾರದ್ದು, ಪದ ಯಾರದ್ದು ಅಂತ ಕೇಳಿಕೊಂಡೇ ಚಾಪೆ ಹಿಡಿದು ಹೊರಡುವುದು. ಹೋದ ವರ್ಷದ ಕೌರವ ಚೆನ್ನಾಗಿದ್ದ ಅಂತ ಈ ವರ್ಷ ಪ್ರಸಂಗ ಆಡಬಾರದು ಅಂದವರುಂಟಾ? ಸಿನಿಮಾದವರು ಮಾತ್ರ 'ರೀಮೇಕ್' ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ. ಸ್ಟೇಜ್‌ಕೋಚ್ ಒಂದು ಪ್ರಸಂಗ. ಅರ್ನೆಸ್ಟ್ ಹೇಕಾಕ್ಸ್ 1937ರಲ್ಲಿ ಬರೆದ ಒಂದು ಸಣ್ಣ ಕತೆ ಅದರ ಮೂಲ. ಮೇಳ ಬದಲಾದ ಹಾಗೆ ವೇಷ ಬದಲಾಗುತ್ತದೆ.

1966ರ ಮೇಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದಲ್ಲಿತ್ತು, ದೊಡ್ಡ ಪರದೆ, ದುಡ್ಡು ಚೆಲ್ಲಿದ್ದರು. ಡಾಕ್ಟರ್ ಪಾತ್ರದಲ್ಲಿ ಹಾಡುಗಾರ ಬಿಂಗ್ ಕ್ರಾಸ್ಬಿ. ನಾರ್ಮನ್ ರಾಕ್‌ವೆಲ್ ಅನ್ನುವ ಹೆಸರಾಂತ ಚಿತ್ರಕಾರ ಪಾತ್ರಧಾರಿಗಳ ಚಿತ್ರ ಬಿಡಿಸಿ, ತಾನೂ ಒಂದು ಚಿಕ್ಕ ಪಾತ್ರ ಮಾಡಿದ. ನೆನಪಿಡಬೇಕಾದ್ದು ಬಿಂಗ್ ಕ್ರಾಸ್ಬಿಯ ಹೆಸರು, ಅದು ಮತ್ತೆ ಬರುತ್ತದೆ.

ಈಗ 1986ರ ನಮ್ಮ ಮೇಳ. ಮಾರ್ಷಲ್ ಕರ್ಲಿಯಾಗಿ ಜಾನಿ ಕ್ಯಾಶ್. ರಿಂಗೋ ಆಗಿ ಕ್ರಿಸ್ ಕ್ರಿಸ್ಟಾಫರ್ಸನ್. ಜೂಜುಕೋರ ಹ್ಯಾಟ್‌ಫೀಲ್ಡ್ ಆಗಿ ವೇಲನ್ ಜೆನ್ನಿಂಗ್ಸ್. ಡಾಕ್ಟರ್ ಆಗಿ ವಿಲ್ಲೀ ನೆಲ್ಸನ್. ನಾಲ್ಕೂ ಜನ ಅಮೆರಿಕದ ಹಳ್ಳಿ ಹಾಡಿನ, ಅವರು 'ಕಂಟ್ರಿ' ಅನ್ನುವ ಸಂಗೀತದ, ಅತಿ ದೊಡ್ಡ ಹೆಸರುಗಳು. ಇದು ಹೇಗಾಯಿತು ಅಂದರೆ, ನಾಲ್ಕು ಮೇಳದ ಪದ ಹೇಳುವ ನಾಲ್ಕು ಪ್ರಧಾನ ಭಾಗವತರನ್ನು ವೇಷ ಕಟ್ಟುವ ಚೌಕಿಗೆ ಕರೆದು, ಮುಖಕ್ಕೆ ಬಣ್ಣ ಬಳಿದು, ಜಾಗಟೆ ಕಿತ್ತುಕೊಂಡು, "ಇವತ್ತು ನೀವು ಪದ ಹೇಳಬೇಡಿ, ವೇಷ ಮಾಡಿ" ಅಂದ ಹಾಗೆ!

ನಮ್ಮಲ್ಲಿ ಭಾಗವತರಿಗೆ 'ಮೊದಲನೇ ವೇಷ' ಅನ್ನುತ್ತಾರೆ, ಹಿರಿಯರಿಗೆ ಗೊತ್ತಿದೆ. ವೇಷ ಕಟ್ಟದೆ ಹಿಂದೆ ಕೂತವರೇ ಮೊದಲನೇ ವೇಷ. ಅದಕ್ಕೇ ಮುಖ್ಯ ಪಾತ್ರಧಾರಿ 'ಎರಡನೇ ವೇಷ' ಆಗುವುದು. ಇದು ನನಗೆ ಅವತ್ತು ರಾತ್ರಿ ಹೊಳೆದದ್ದು ವೇಲನ್ ಜೆನ್ನಿಂಗ್ಸ್‌ನಿಂದ. ಹ್ಯಾಟ್‌ಫೀಲ್ಡ್ ಬಾಯಿ ತೆರೆದ ಕೂಡಲೇ ಅಜ್ಜಿ, "ಈ ಧ್ವನಿ ಗುರುತು ಸಿಗಲಿಲ್ಲವಾ?" ಅಂದರು. ಗುಂಟೂರಿನವನಿಗೆ ಸಿಕ್ಕಿತು. 'ಡ್ಯೂಕ್ಸ್ ಆಫ್ ಹ್ಯಾಜರ್ಡ್' ಅಂತ ಒಂದು ಕಾರು ಹಾರಿಸುವ ಧಾರಾವಾಹಿ ಇತ್ತು. ಅದರಲ್ಲಿ ಕತೆ ಹೇಳುವ ಧ್ವನಿ ವೇಲನ್‌ದು. ಶುರುವಿನ ಹಾಡೂ ಅವನದ್ದೇ. ಆದರೆ ಪರದೆ ಮೇಲೆ ಬರುತ್ತಿದ್ದುದು ಗಿಟಾರ್ ನುಡಿಸುವ ಕೈ ಮಾತ್ರ. ಕೈ ತೋರಿಸುತ್ತಾರೆ, ಮುಖ ತೋರಿಸುವುದಿಲ್ಲ, ಅಮ್ಮನಿಗೆ ಇದು ಅರ್ಥವೇ ಆಗುತ್ತಿಲ್ಲ ಅಂತ ಅವನೇ ಆ ಹಾಡಿನ ರೆಕಾರ್ಡಿನಲ್ಲಿ ತಮಾಷೆಗೆ ಗೊಣಗಿದ್ದಾನೆ. ಭಾಗವತರ ತಾಯಂದಿರು ನಮ್ಮಲ್ಲೂ ಹೀಗೇ ಹೇಳಿರಬಹುದು. ಇನ್ನೂ ಮಜಾ ಏನೆಂದರೆ, ಸ್ಟೇಜ್‌ಕೋಚ್‌ನಲ್ಲಿ ಗಾಡಿ ಹೊಡೆಯುವ ಬಕ್ ಪಾತ್ರದ ಜಾನ್ ಶ್ನೈಡರ್ ಅದೇ ಧಾರಾವಾಹಿಯ ನಾಯಕರಲ್ಲಿ ಒಬ್ಬ. ಅಲ್ಲಿ ಅವನು ಕಾರು ಓಡಿಸುತ್ತಿದ್ದ, ವೇಲನ್ ಹಿಂದಿನಿಂದ ಪದ ಹೇಳುತ್ತಿದ್ದ. ಇಲ್ಲಿ ಅವನದ್ದೇ ಗಾಡಿಯೊಳಗೆ ಪ್ರಯಾಣಿಕನಾಗಿ ಕೂತಿದ್ದಾನೆ.

ಈ ನಾಲ್ವರು ಒಟ್ಟಾದದ್ದು 1984ರಲ್ಲಿ, ಸ್ವಿಟ್ಜರ್‌ಲೆಂಡಿನ ಮೊಂಟ್ರೋದಲ್ಲಿ. ಕ್ಯಾಶ್‌ನ ಕ್ರಿಸ್‌ಮಸ್ ಟಿವಿ ಕಾರ್ಯಕ್ರಮಕ್ಕೆ ಹೋದವರು. ಮರುವರ್ಷ ಒಟ್ಟಿಗೆ 'ಹೈವೇಮನ್' ಅಂತ ಒಂದು ರೆಕಾರ್ಡು ತಂದರು. ಅದೇ ಹೆಸರಿನ ಹಾಡು, ಜಿಮ್ಮಿ ವೆಬ್ ಬರೆದದ್ದು, ಕಂಟ್ರಿ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಒಂದೇ ಜೀವ ನಾಲ್ಕು ಸಲ ಹುಟ್ಟಿ ಬರುವ ಹಾಡು ಅದು. ದಾರಿಗಳ್ಳ, ನಾವಿಕ, ಅಣೆಕಟ್ಟು ಕಟ್ಟುವವನು, ಕೊನೆಗೆ ಆಕಾಶನೌಕೆ ನಡೆಸುವವನು. ಒಬ್ಬೊಬ್ಬರಿಗೆ ಒಂದೊಂದು ಜನ್ಮ. ಪುನರ್ಜನ್ಮ ಅಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಅಣೆಕಟ್ಟಿನ ಜನ್ಮ ವೇಲನ್‌ದು. ಕೊಲರಾಡೋ ನದಿಯ ಅಣೆಕಟ್ಟು ಕಟ್ಟುವಾಗ ಜಾರಿ ಹಸಿ ಕಾಂಕ್ರೀಟಿನೊಳಗೆ ಬಿದ್ದು ಹೂತುಹೋಗುತ್ತಾನೆ. ಅದು ಹೂವರ್ ಅಣೆಕಟ್ಟು. ಆ ವರ್ಷ ನಾನು ಅದೇ ನದಿಯ ನೀರು ಹಂಚಿಕೆಯ ಲೆಕ್ಕದಲ್ಲಿ ಮುಳುಗಿದ್ದೆ. ವೃತ್ತಿಯವನಾಗಿ ಒಂದು ತಿದ್ದುಪಡಿ ಹೇಳಲೇಬೇಕು: ಹೂವರ್ ಅಣೆಕಟ್ಟಿನೊಳಗೆ ಯಾರ ಹೆಣವೂ ಇಲ್ಲ. ಕಾಂಕ್ರೀಟನ್ನು ತೆಳು ಪದರವಾಗಿ ಸುರಿಯುತ್ತಿದ್ದರು. ಒಬ್ಬ ಮುಳುಗುವಷ್ಟು ಆಳ ಯಾವತ್ತೂ ಇರಲಿಲ್ಲ. ಇದನ್ನು ಅಜ್ಜಿಗೆ ಹೇಳಿದೆ. "ಹಾಡು ಕೇಳುವಾಗ ಲೆಕ್ಕ ಹೇಳಬೇಡ" ಅಂದರು. ಸರಿಯೇ.

ವಿಷಯ ಎಲ್ಲೋ ಹೋಯಿತು. ಹೇಳಲು ಹೊರಟದ್ದು ಏನೆಂದರೆ, ಆ ಟಿವಿ ಚಿತ್ರವನ್ನು ಅಮೆರಿಕದವರು ನೋಡುವಾಗ ಎರಡು ಕತೆ ಒಟ್ಟಿಗೆ ಓಡುತ್ತದೆ. ಮೇಲಿನದ್ದು ಗಾಡಿಯ ಕತೆ. ಕೆಳಗಿನದ್ದು ಈ ನಾಲ್ವರ ಕತೆ. ಮಾರ್ಷಲ್ ಕ್ಯಾಶ್ ರಿಂಗೋ ಕ್ರಿಸ್ಟಾಫರ್ಸನ್‌ನನ್ನು ದಸ್ತಗಿರಿ ಮಾಡುತ್ತಾನೆ. ಗೊತ್ತಿಲ್ಲದವರಿಗೆ ಅದು ಪೊಲೀಸು, ಕಳ್ಳ. ಅಜ್ಜಿ ಮಾತ್ರ ನಗುತ್ತಿದ್ದರು. ಯಾಕೆ ಅಂತ ಜಾಹೀರಾತು ಬಂದಾಗ ಹೇಳಿದರು. ಕ್ರಿಸ್ಟಾಫರ್ಸನ್ ಆಕ್ಸ್‌ಫರ್ಡಿನಲ್ಲಿ ಸಾಹಿತ್ಯ ಓದಿದವನು, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿದವನು. ಎಲ್ಲ ಬಿಟ್ಟು ನ್ಯಾಶ್‌ವಿಲ್‌ಗೆ ಬಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ. ಅಲ್ಲಿ ಕ್ಯಾಶ್ ಹಾಡುತ್ತಿದ್ದ. ತನ್ನ ಹಾಡು ಕ್ಯಾಶ್‌ನ ಕಿವಿಗೆ ಬೀಳಲಿ ಅಂತ ಒಂದು ದಿನ ಹೆಲಿಕಾಪ್ಟರನ್ನೇ ಅವನ ಮನೆಯ ಅಂಗಳಕ್ಕೆ ಇಳಿಸಿಬಿಟ್ಟ! ಆಮೇಲೆ ಕ್ಯಾಶ್ ಅವನ ಹಾಡು ಹಾಡಿದ, ಅದು ದೊಡ್ಡ ಹೆಸರು ಮಾಡಿತು. ಅಂಗಳಕ್ಕೆ ಹೆಲಿಕಾಪ್ಟರ್ ಇಳಿಸಿದವನನ್ನು ಕೊನೆಗೂ ಬೇಡಿ ಹಾಕಿ ಹಿಡಿದ ಅಂತ ಅಜ್ಜಿಗೆ ನಗು.

ವೇಲನ್ ಬಗ್ಗೆ ಅಜ್ಜಿ ನಗಲಿಲ್ಲ. 1959ರಲ್ಲಿ ಅವನು ಬಡ್ಡಿ ಹಾಲಿ ಅನ್ನುವ ಹಾಡುಗಾರನ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಚಳಿಗಾಲದ ಒಂದು ರಾತ್ರಿ ಸಣ್ಣ ವಿಮಾನದಲ್ಲಿ ತನ್ನ ಸೀಟನ್ನು ಜ್ವರ ಬಂದಿದ್ದ ಇನ್ನೊಬ್ಬ ಕಲಾವಿದನಿಗೆ ಬಿಟ್ಟುಕೊಟ್ಟ. ವಿಮಾನ ಬಿತ್ತು, ಯಾರೂ ಉಳಿಯಲಿಲ್ಲ. ಇದು ಗೊತ್ತಿದ್ದವರಿಗೆ ಸ್ಟೇಜ್‌ಕೋಚ್‌ನ ಸೀಟಿನಲ್ಲಿ ವೇಲನ್ ಕೂತದ್ದು ಸುಮ್ನೆ ಕೂತದ್ದಾಗಿ ಕಾಣುವುದಿಲ್ಲ. ಸಾಯುವ ಪಾತ್ರ ಹ್ಯಾಟ್‌ಫೀಲ್ಡ್‌ದು ಅನ್ನುವುದೂ ಮನಸ್ಸಿನಲ್ಲಿರುತ್ತದೆ.

ವಿಲ್ಲೀ ನೆಲ್ಸನ್ ಅಂದರೆ ಎರಡು ಜಡೆ, ತೂತು ಬಿದ್ದ ಗಿಟಾರ್. ಬೆರಳು ಉಜ್ಜಿ ಉಜ್ಜಿ ಗಿಟಾರಿನ ಮರವೇ ಸವೆದು ತೂತಾಗಿದೆ. ಅದಕ್ಕೆ 'ಟ್ರಿಗರ್' ಅಂತ ಹೆಸರು. ಹಳೇ ಕೌಬಾಯ್ ಸಿನಿಮಾಗಳ ರಾಯ್ ರೋಜರ್ಸ್ ಇದ್ದನಲ್ಲ, ಅವನ ಕುದುರೆಯ ಹೆಸರು ಅದು. ಗಿಟಾರಿಗೆ ಕುದುರೆಯ ಹೆಸರಿಟ್ಟವನನ್ನು ಕುದುರೆ ಗಾಡಿಗೆ ಹತ್ತಿಸಿದ್ದಾರೆ.

ಈ ಚಿತ್ರದಲ್ಲಿ ಡಾಕ್ಟರ್ ಪಾತ್ರದ ಹೆಸರು ಬದಲಾಗಿದೆ. ಕುಡುಕ ಬೂನ್ ಹೋಗಿ ಡಾಕ್ ಹಾಲಿಡೇ ಬಂದಿದ್ದಾನೆ. ಹಾಲಿಡೇ ನಿಜವಾಗಿ ಇದ್ದ ಮನುಷ್ಯ. ಕೋವಿ ಹಿಡಿದ ಜೂಜುಕೋರ, ಆದರೆ ಓದಿದ್ದು ಹಲ್ಲಿನ ವೈದ್ಯ. ಕ್ಷಯ ಅಂಟಿಕೊಂಡು, ಒಣ ಹವೆ ಹುಡುಕಿ ಪಶ್ಚಿಮಕ್ಕೆ ಬಂದ. ಕೆಮ್ಮುವ ಡಾಕ್ಟರ ಎದುರು ಬಾಯಿ ತೆರೆಯಲು ಯಾರು ಬರುತ್ತಾರೆ? ಜೂಜಿಗೆ ಇಳಿದ. 1887ರಲ್ಲಿ, 36ನೇ ವಯಸ್ಸಿಗೇ ಸತ್ತ. ಟೂಸಾನ್ ರೈಲು ನಿಲ್ದಾಣದಲ್ಲಿ ಈಗ ಅವನ ಪ್ರತಿಮೆ ಇದೆ, ಗೆಳೆಯ ವಯಾಟ್ ಅರ್ಪ್ ಜೊತೆ. ಸಿನಿಮಾದಲ್ಲಿ ಅವನಿಗೆ 53 ವರ್ಷದ ವಿಲ್ಲೀ. ಗುಂಟೂರಿನವನಿಗೆ ಒಂದೇ ಚಿಂತೆ: "ಹಲ್ಲಿನ ಡಾಕ್ಟರ್ ಕೈಯಲ್ಲಿ ಹೆರಿಗೆ ಮಾಡಿಸುತ್ತಾರಲ್ಲೋ!"

ಬಸುರಿ ಲೂಸಿಯಾಗಿ ಮೇರಿ ಕ್ರಾಸ್ಬಿ. ಬಿಂಗ್ ಕ್ರಾಸ್ಬಿ ಹೆಸರು ನೆನಪಿಡಿ ಅಂದೆನಲ್ಲ, ಅವನ ಮಗಳು. ಅಪ್ಪ 1966ರಲ್ಲಿ ಇದೇ ಪ್ರಸಂಗದಲ್ಲಿ ಹೆರಿಗೆ ಮಾಡಿಸಿದ ಡಾಕ್ಟರು, ಮಗಳು 20 ವರ್ಷ ಬಿಟ್ಟು ಅದೇ ದಾರಿಯಲ್ಲಿ ಹೆರುವವಳು. ಇದಕ್ಕಿಂತ ಚೆನ್ನಾದ ಮೇಳದ ಪರಂಪರೆ ಬೇಕಾ? ಇನ್ನು ಪೀಕಾಕ್ ಪಾತ್ರಕ್ಕೆ ಇಂಗ್ಲೆಂಡಿನ ಆಂಟನಿ ನ್ಯೂಲಿ. ಅವನೂ ಹಾಡು ಕಟ್ಟುವವನೇ. ಕ್ಯಾಶ್‌ನ ಹೆಂಡತಿ ಜೂನ್ ಕಾರ್ಟರ್‌ಗೂ ಒಂದು ಪಾತ್ರ ಇದೆ. ಅವರೂ ಹಾಡುಗಾರ್ತಿ. ವೇಲನ್‌ನ ಹೆಂಡತಿ ಜೆಸ್ಸಿ ಕಾಲ್ಟರ್ ಸಹ ಇದ್ದಾರೆ. ಊರಿನ ಜಾತ್ರೆಗೆ ಮನೆಮಂದಿಯೆಲ್ಲ ಒಂದೇ ಜೀಪಿನಲ್ಲಿ ಹೊರಟ ಹಾಗೆ.

ಈಗ ದೂರುಗಳು. ನಾಲ್ಕು ಭಾಗವತರನ್ನು ಕೂಡಿಸಿ ಒಂದು ಪದ ಹೇಳಿಸದೆ ಕಳಿಸಿದ್ದು ನನ್ನ ಮೊದಲನೇ ದೂರು. ನಾಲ್ವರೂ ಬೆಂಕಿ ಸುತ್ತ ಕೂತು ಒಂದು ಹಾಡು ಹಾಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಮುಗಿಯುವ ತನಕ ಅಜ್ಜಿ ಕಾದರು. ಆಂಟೆನಾ ಬಾಗಿಲ ಕಡೆಗೆ ಬಗ್ಗಿಸಿಟ್ಟದ್ದು ಅದಕ್ಕೇ ಅಂತ ನನಗೆ ಆಗ ಗೊತ್ತಾಯಿತು.

ಎರಡನೆಯದು, ಅಪಾಚೆಗಳ ದಾಳಿ ಪೇಲವ. ಟಿವಿಗೆ ಸಿಗುವ ದುಡ್ಡು, ಟಿವಿಗೆ ಸಿಗುವ ದಿನ. ಕನಟ್‌ನ ಸಾಹಸದ ನೆನಪಿರುವವರಿಗೆ ನಿದ್ದೆ ಬರುತ್ತದೆ. ನಿರ್ದೇಶಕ ಟೆಡ್ ಪೋಸ್ಟ್ ಕೆಲಸ ಗೊತ್ತಿದ್ದವನೇ, ಕ್ಲಿಂಟ್ ಈಸ್ಟ್‌ವುಡ್ ಚಿತ್ರಗಳನ್ನು ತೆಗೆದವನು. ಆದರೆ ಎಂಟು ಹತ್ತು ನಿಮಿಷಕ್ಕೊಮ್ಮೆ ಸೋಪು, ಕಾರು, ತಲೆನೋವಿನ ಮಾತ್ರೆ ಬಂದರೆ ಯಾವ ದಾಳಿ ನಿಲ್ಲುತ್ತದೆ?

ಮೂರನೆಯದನ್ನು ದೂರು ಅನ್ನಬೇಕೋ ಬೇಡವೋ ನನಗೆ ಇನ್ನೂ ಗೊತ್ತಾಗಿಲ್ಲ. ವಯಸ್ಸು. 1939ರಲ್ಲಿ ಜಾನ್ ವೇಯ್ನ್‌ಗೆ 31. ಆ ಪಾತ್ರವನ್ನು 'ರಿಂಗೋ ಕಿಡ್' ಅನ್ನುತ್ತಾರೆ. ಕಿಡ್ ಅಂದರೆ ಹುಡುಗ. 1986ರ ಹುಡುಗನಿಗೆ 49, ಗಡ್ಡದಲ್ಲಿ ಬೆಳ್ಳಿ. ಡಲ್ಲಾಸ್ ಮಾಡಿದ ಎಲಿಜಬೆತ್ ಆಶ್ಲಿಗೆ 46. ನಮಗೆ ಮೂವರಿಗೂ ಆಗ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಬಿದ್ದು ಬಿದ್ದು ನಕ್ಕೆವು. ಎಳೇ ಹುಡುಗರ ಪುಂಡುವೇಷಕ್ಕೆ ಹೊಟ್ಟೆ ಬಂದ ಕಲಾವಿದನನ್ನು ಕಳಿಸಿದ ಹಾಗೆ ಅಂತ ನಾನು ಹೇಳಿ, ಅದನ್ನು ಇಂಗ್ಲಿಷಿಗೆ ತಿರುಗಿಸಲಾಗದೆ ಕೈಬಿಟ್ಟೆ.

ಈಗ ನನಗೆ ಅರವತ್ತು ದಾಟಿದೆ. ಹೋದ ತಿಂಗಳು ಮತ್ತೆ ನೋಡಿದೆ. ಇಪ್ಪತ್ತರ ಹುಡುಗ ವೇಶ್ಯೆಯನ್ನು ಮದುವೆಯಾಗುತ್ತೇನೆ ಅಂದರೆ ಅದು ಬಿಸಿ ರಕ್ತ. 49ರವನು, ಜೈಲು ನೋಡಿ ಬಂದವನು, 46ರವಳಿಗೆ ನನ್ನದೊಂದು ತೋಟ ಇದೆ ಬಾ ಅಂದರೆ ಅದು ಬೇರೆ ಮಾತು. ಅವಳು ನಂಬಲು ತಡಮಾಡಿದರೂ ಅರ್ಥವಾಗುತ್ತದೆ. ವೇಯ್ನ್ ಮತ್ತು ಅವತ್ತಿನ ಡಲ್ಲಾಸ್ ಕ್ಲೇರ್ ಟ್ರೆವರ್ ಜೋಡಿ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಮೇಜಿನ ಆ ಕಡೆಗೆ ಎಲ್ಲರೂ ಎದ್ದು ಹೋಗುವುದನ್ನು 46 ವರ್ಷ ನೋಡಿದ ಮುಖ ಆಶ್ಲಿಯದ್ದು. ಫೋರ್ಡ್‌ನ ಚಿತ್ರದಲ್ಲಿ ಇಲ್ಲದ್ದು ಇದರಲ್ಲಿ ಇದೆ ಅಂತ ನಾನು ಧೈರ್ಯವಾಗಿ ಹೇಳುವುದು ಇದೊಂದನ್ನೇ.

ಅಪಾಚೆಗಳ ಬಗ್ಗೆ ಒಂದು ಮಾತು. 1939ರದ್ದರಲ್ಲೂ 1986ರದ್ದರಲ್ಲೂ ಅವರದ್ದು ರಾಕ್ಷಸರ ಹಾಗೆ ಬಣ್ಣದ ವೇಷ. ಅಬ್ಬರಿಸಿ ಬರಬೇಕು, ಸಾಯಬೇಕು, ಅಷ್ಟೇ. 1939ರಲ್ಲಿ ಫೋರ್ಡ್ ಚಿತ್ರ ತೆಗೆದ ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರ ನೆಲ. ಅಪಾಚೆಗಳಾಗಿ ಕುದುರೆ ಹತ್ತಿದವರೂ ನವಾಹೋಗಳೇ. ನಿಜವಾದ ಜೆರೋನಿಮೋ ಶರಣಾದದ್ದು 1886ರ ಸೆಪ್ಟೆಂಬರಿನಲ್ಲಿ, ಅರಿಜೋನಾದಲ್ಲೇ. ನಾವು ಟಿವಿ ಮುಂದೆ ಕೂತದ್ದು ಅದಕ್ಕೆ ಸರಿಯಾಗಿ ನೂರು ವರ್ಷ ತುಂಬುವ ವರ್ಷ. ಅವನನ್ನು ಕೈದಿಯಾಗಿ ರೈಲಿನಲ್ಲಿ ಫ್ಲೋರಿಡಾಕ್ಕೆ ಸಾಗಿಸಿದರು. ಮತ್ತೆ ತನ್ನ ಊರಿಗೆ ಬರಲು ಬಿಡಲೇ ಇಲ್ಲ. ಮುದಿ ವಯಸ್ಸಿನಲ್ಲಿ ಮೇಳ, ಪ್ರದರ್ಶನಗಳಲ್ಲಿ ಕೂತು ತನ್ನ ಸಹಿ ಮತ್ತು ಫೋಟೋ ಮಾರುತ್ತಿದ್ದ. 1909ರಲ್ಲಿ ಕೈದಿಯಾಗಿಯೇ ತೀರಿಕೊಂಡ. ಸಹಿ ಮಾರುವ ಜೆರೋನಿಮೋ ಬಗ್ಗೆ ಯಾರಾದರೂ ಸಿನಿಮಾ ತೆಗೆದರೆ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ.

ಹಾಂ, ಅಜ್ಜಿಯ ದೂರು ಹೇಳುವುದು ಮರೆತೆ. ರೈಲ್ವೆಯವರ ಹೆಂಡತಿ ಅಲ್ವಾ. ಗಾಡಿ ಲಾರ್ಡ್ಸ್‌ಬರ್ಗ್ ಮುಟ್ಟಲು ಇಷ್ಟು ಒದ್ದಾಡುವಾಗ ಅವರು ಅಂದರು, "ಇವರಿಗೆ ಏನು ಹುಚ್ಚು? ಲಾರ್ಡ್ಸ್‌ಬರ್ಗ್‌ಗೆ ರೈಲು ಇತ್ತಲ್ಲ!" ನಾನು ಆಮೇಲೆ ಲೈಬ್ರರಿಯಲ್ಲಿ ನೋಡಿದೆ. ಅಜ್ಜಿ ಹೇಳಿದ್ದೇ ಸರಿ. ನ್ಯೂ ಮೆಕ್ಸಿಕೋದ ಲಾರ್ಡ್ಸ್‌ಬರ್ಗ್ ಹುಟ್ಟಿದ್ದೇ 1880ರಲ್ಲಿ, ಸದರ್ನ್ ಪೆಸಿಫಿಕ್ ರೈಲು ಹಳಿ ಹಾಕಿದಾಗ. ಜೆರೋನಿಮೋ ಓಡಾಡುತ್ತಿದ್ದ ಕಾಲಕ್ಕೆ ಅಲ್ಲಿ ರೈಲು ಶಿಳ್ಳೆ ಹೊಡೆಯುತ್ತಿತ್ತು. ರೈಲಿನಲ್ಲಿ ಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ, ಅದು ಬೇರೆ ವಿಷಯ.

ಆ ಜೂನ್‌ನಲ್ಲಿ ನಾವು ಮೂವರೂ ಗುಂಟೂರಿನವನ ಹಳೇ ಡಾಟ್ಸನ್ ಕಾರಿನಲ್ಲಿ ಲಾರ್ಡ್ಸ್‌ಬರ್ಗ್‌ಗೆ ಹೋದೆವು. ಟೂಸಾನ್‌ನಿಂದ 150 ಮೈಲಿ ಚಿಲ್ಲರೆ. ಎಸಿ ಇಲ್ಲ. ಕಿಟಕಿ ತೆರೆದರೆ ಒಲೆಯ ಬಾಯಿ, ಮುಚ್ಚಿದರೆ ಇಡ್ಲಿ ಪಾತ್ರೆ. ಊರಲ್ಲಿ ನೋಡಲು ಏನೂ ಇರಲಿಲ್ಲ. ಒಂದು ಉದ್ದ ರಸ್ತೆ, ನಾಲ್ಕು ಮೋಟೆಲ್, ಒಂದು ಹೋಟೆಲ್. ಕಾಫಿ ಕುಡಿದೆವು, ನೀರು ನೀರಾಗಿತ್ತು. ಬಡಿಸಿದ ಹೆಂಗಸನ್ನು, "ಇಲ್ಲಿ ಸ್ಟೇಜ್‌ಕೋಚ್ ಬರುತ್ತಿದ್ದ ಜಾಗ ಎಲ್ಲಿ?" ಅಂತ ಕರಾಚಿಯವನು ಕೇಳಿದ. ಅವಳು, "ಗ್ರೇಹೌಂಡ್ ಬಸ್ಸು ಆ ಪೆಟ್ರೋಲ್ ಬಂಕ್ ಹತ್ತಿರ ನಿಲ್ಲುತ್ತದೆ" ಅಂದಳು. ಹೊರಗೆ ಬಂದಾಗ ಗೂಡ್ಸ್ ರೈಲು ಹೋಗುತ್ತಿತ್ತು. ಡಬ್ಬಿ ಎಣಿಸುತ್ತಾ ನಿಂತೆವು. ತೊಂಬತ್ತರ ಹತ್ತಿರ ಲೆಕ್ಕ ತಪ್ಪಿತು.

ಟೂಸಾನ್ ಹೊರವಲಯದಲ್ಲಿ 'ಓಲ್ಡ್ ಟೂಸಾನ್' ಅಂತ ಸಿನಿಮಾಕ್ಕೋಸ್ಕರ ಕಟ್ಟಿದ ಊರು ಇತ್ತು. ನಮ್ಮ ಸಿನಿಮಾಕ್ಕೂ ಅಲ್ಲಿ ಕ್ಯಾಮೆರಾ ಇಟ್ಟಿದ್ದರು. ಆಳೆತ್ತರದ ಸಗ್ವಾರೋ ಕಳ್ಳಿ ಗಿಡಗಳ ನಡುವೆ ಮುಂಭಾಗ ಮಾತ್ರ ಇರುವ ಮನೆಗಳು, ಹಿಂದೆ ಬರೀ ಊರೆಗೋಲು. 1995ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಆಗ ನಾನು ಧಾರವಾಡದಲ್ಲಿದ್ದೆ. ಸುದ್ದಿ ಗೊತ್ತಾದದ್ದು ಅಜ್ಜಿಯ ಕಾಗದದಿಂದ. ಒಂದೇ ಸಾಲು ಬರೆದಿದ್ದರು: ಜಾನಿ ನಡೆದ ಬೀದಿ ಹೋಯಿತು.

ಈಗ ಆ ನಾಲ್ವರಲ್ಲಿ ವಿಲ್ಲೀ ಒಬ್ಬನೇ ಉಳಿದಿದ್ದಾನೆ, ತೊಂಬತ್ತು ದಾಟಿದ್ದಾನೆ. ವೇಲನ್ 2002ರಲ್ಲಿ ಹೋದ. 2003ರ ಮೇ ತಿಂಗಳಲ್ಲಿ ಜೂನ್ ಕಾರ್ಟರ್ ಹೋದರು, ನಾಲ್ಕು ತಿಂಗಳಿಗೆ ಹಿಂದೆಯೇ ಕ್ಯಾಶ್. ಕ್ರಿಸ್ಟಾಫರ್ಸನ್ 2024ರಲ್ಲಿ. ಅಜ್ಜಿ ಅವರೆಲ್ಲರಿಗಿಂತ ಮೊದಲೇ ಹೋದರು.

ನನ್ನ ಹತ್ತಿರ ಇರುವುದು ಒಂದು ಅಗ್ಗದ ಡಿವಿಡಿ. ಅಮೆರಿಕಕ್ಕೆ ಕೆಲಸದ ಮೇಲೆ ಹೋದಾಗ ರಿಯಾಯಿತಿ ಬುಟ್ಟಿಯ ತಳದಲ್ಲಿ ಸಿಕ್ಕಿದ್ದು. ಬಣ್ಣ ಮಾಸಿದೆ, ಅಲ್ಲಲ್ಲಿ ಗೆರೆ ಬರುತ್ತದೆ. ಮೊದಲ ಇಪ್ಪತ್ತು ನಿಮಿಷ ಹಾಕೋಣ. ಮಾತು ಸ್ವಲ್ಪ ಜೋರಾಗಿ ಇಡಪ್ಪ, ಚಿತ್ರ ಹೇಗಿದ್ದರೂ ಪರವಾಗಿಲ್ಲ. ಹಿಂದಿನವರು ದೀಪ ಆರಿಸಿ. ಕ್ಯಾಶ್ ಬಂದಾಗ ಮಾತ್ರ ಯಾರೂ ಗುಸುಗುಸು ಮಾಡಬೇಡಿ, ಅಜ್ಜಿಗೆ ಆಗುವುದಿಲ್ಲ.